ಮರದ ನೆಲಕ್ಕೆ ಎಷ್ಟು ಹೊಳಪು ಬೇಕು? ಗ್ಲಾಸಿ, ಸ್ಯಾಟಿನ್, ಮ್ಯಾಟ್ ಲೆಕ್ಕಾಚಾರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಇವತ್ತಿನ ಮಾತು ಇಲ್ಲಿ ಬರಹದಲ್ಲಿದೆ.

ಪುಣೆಯ ನಮ್ಮ ಫ್ಲ್ಯಾಟ್‌ನ ಒಂದು ಕೋಣೆಗೆ ಸಾಗವಾನಿ ನೆಲ ಹಾಕಿಸಿದೆವು. ಅಂಗಡಿಯಲ್ಲಿ ಗ್ಲಾಸಿ ಸ್ಯಾಂಪಲ್ ಕನ್ನಡಿ ಥರ ಮಿಂಚ್ತಾ ಇತ್ತು, ಅದನ್ನೇ ಆರಿಸಿದೆ. ಧಾರವಾಡದಿಂದ ಅವ್ವ ಬಂದ್ಲು. ಸಂಜೆ ಬಾಲ್ಕನಿ ಬಾಗಿಲಿನಿಂದ ಬಿಸಿಲು ಬಿದ್ದಾಗ ಬಾಗಿಲಲ್ಲೇ ನಿಂತು, "ಇಲ್ಲೆ ನೀರು ಚೆಲ್ಲೈತೇನೋ?" ಅಂತ ಕೇಳಿದ್ಲು. ನೀರು ಇರಲಿಲ್ಲ, ಬರೀ ಹೊಳಪು. ಆದರೆ ವಯಸ್ಸಾದ ಕಣ್ಣಿಗೆ ಅದು ಒದ್ದೆ ನೆಲ. ಪ್ರತಿ ಹೆಜ್ಜೆಗೂ ಗೋಡೆ ಹಿಡಿಯೋಳು. ಡೆಮೋದಲ್ಲಿ ಚೆನ್ನಾಗಿ ಓಡಿದ್ದು ಪ್ರೊಡಕ್ಷನ್‌ನಲ್ಲಿ ಬಿತ್ತು ಅಂತೀವಲ್ಲ, ಹಾಗಾಯ್ತು.

ಮೊದಲು ಹೊಳಪು ಅಂದ್ರೇನು ನೋಡೋಣ. ನುಣುಪಾದ ಮೇಲ್ಮೈ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ವಾಪಸ್ ಹೋಗುತ್ತೆ, ಅದು ಗ್ಲಾಸಿ. ಮ್ಯಾಟ್ ಮಾಡೋಕೆ ವಾರ್ನಿಶ್‌ಗೆ ಸಿಲಿಕಾದ ಅತಿ ಸಣ್ಣ ಕಣ ಸೇರಿಸ್ತಾರೆ. ಪದರ ಒಣಗುವಾಗ ಇವು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡುತ್ತವೆ, ಬೆಳಕು ಚದುರುತ್ತೆ. ಇದನ್ನು ಅಳೆಯೋಕೆ ಗ್ಲಾಸ್ ಮೀಟರ್ ಇದೆ. ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ ಅಳೀತಾರೆ. ನಯವಾದ ಕಪ್ಪು ಗಾಜಿಗೆ 100 ಅಂಕ ಅಂತ ಲೆಕ್ಕ. ಸುಮಾರಾಗಿ 70ರ ಮೇಲೆ ಗ್ಲಾಸಿ, 30–40ರ ಹತ್ತಿರ ಸ್ಯಾಟಿನ್, 20ರ ಒಳಗೆ ಮ್ಯಾಟ್. ಆದರೆ ಒಂದು ಕಂಪನಿಯ ಸ್ಯಾಟಿನ್ ಇನ್ನೊಂದರ ಸೆಮಿ ಗ್ಲಾಸಿ ಆಗಿರಬಹುದು. ಹಾಗಾಗಿ ಹೆಸರು ನಂಬಬೇಡಿ, ಡೇಟಾ ಶೀಟ್‌ನಲ್ಲಿರೋ ಅಂಕೆ ಕೇಳಿ.

ಈಗ ಯಾವುದು ಯಾರಿಗೆ?

ಗ್ಲಾಸಿಯಲ್ಲಿ ಮರದ ಬಣ್ಣ ಆಳವಾಗಿ ಕಾಣುತ್ತೆ. ಆದರೆ ಗೀರು, ಧೂಳು, ಪಾದದ ಗುರುತು, ಉಜ್ಜುವಾಗ ಉಳಿದ ಏರುತಗ್ಗು ಎಲ್ಲವೂ ಕಾಣುತ್ತೆ. ಪಕ್ಕದಲ್ಲೇ ಕಟ್ಟಡ ಕೆಲಸ ನಡೀತಾ ಇರೋ ನಮ್ಮಂಥ ಕಡೆ, ಬೆಳಿಗ್ಗೆ ಒರೆಸಿದ ನೆಲ ಮಧ್ಯಾಹ್ನಕ್ಕೆ ಧೂಳು ತೋರಿಸುತ್ತೆ. ಓಡಾಟ ಕಮ್ಮಿ, ಬಿಸಿಲೂ ಕಮ್ಮಿ ಇರೋ ಕೋಣೆಗೆ ಸರಿ.

ಮ್ಯಾಟ್ ಇವನ್ನೆಲ್ಲ ಮುಚ್ಚುತ್ತೆ, ಕಣ್ಣಿಗೂ ತಂಪು. ಆದರೆ ಜನ ದಿನಾ ನಡೆಯೋ ದಾರಿ ಸವೆದು ಅಲ್ಲಷ್ಟೇ ನುಣುಪಾಗಿ ಹೊಳೆಯೋಕೆ ಶುರುವಾಗಬಹುದು. ಮಕ್ಕಳು, ಹಿರಿಯರು, ಓಡಾಟ ಎಲ್ಲಾ ಇರೋ ಮನೆಗೆ ಸ್ಯಾಟಿನ್ ಒಳ್ಳೆ ನಡುದಾರಿ.

ಒಂದು ತಪ್ಪು ಕಲ್ಪನೆ: ಹೊಳಪು ಕಮ್ಮಿ ಆದ್ರೆ ಜಾರೋದಿಲ್ಲ ಅಂತ. ಹೊಳಪು ಬೇರೆ, ಜಾರಿಕೆ ಬೇರೆ. ನೀರು ಬಿದ್ದರೆ, ಕಾಲುಚೀಲ ಹಾಕಿದ್ದರೆ ಮ್ಯಾಟ್ ನೆಲವೂ ಜಾರುತ್ತೆ. ಸ್ಯಾಟಿನ್‌ನಿಂದ ನಮಗೆ ಸಿಕ್ಕಿದ್ದು ಇಷ್ಟೇ: ಒದ್ದೆ ಎಲ್ಲಿ, ಒಣ ಎಲ್ಲಿ ಅಂತ ಅವ್ವನಿಗೆ ಸರಿಯಾಗಿ ಕಾಣ್ತು.

ಕೆಲಸ ಮಾಡಿಸುವಾಗ ಮೂರು ವಿಷಯ ನೆನಪಿಡಿ. ಸಿಲಿಕಾ ಡಬ್ಬಿಯ ತಳಕ್ಕೆ ಕೂರುತ್ತೆ, ಆದ್ದರಿಂದ ಕೋಲಿನಿಂದ ನಿಧಾನವಾಗಿ ಕಲಕಬೇಕು. ಕಲಕದಿದ್ದರೆ ನೆಲದ ಅರ್ಧ ಹೊಳೆಯುತ್ತೆ, ಇನ್ನರ್ಧ ಮಂಕು. ಜೋರಾಗಿ ಕುಲುಕಿದರೆ ಗುಳ್ಳೆ ಏಳುತ್ತೆ. ಎರಡನೆಯದು, ಕಂಪನಿ ಒಪ್ಪಿದರೆ ಕೆಳಗಿನ ಪದರಗಳು ಗ್ಲಾಸಿ, ಕೊನೆಯದು ಮಾತ್ರ ಸ್ಯಾಟಿನ್ ಇರಲಿ. ಮರದ ಗೆರೆಗಳು ಮಸುಕಾಗಲ್ಲ. ಮೂರನೆಯದು, ಪುಣೆಯ ಮಳೆಗಾಲದಲ್ಲಿ ತೇವದಿಂದ ಪದರ ನಿಧಾನವಾಗಿ ಒಣಗುತ್ತೆ, ಅವಸರ ಮಾಡಬೇಡಿ.

ತೀರ್ಮಾನಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಬಡಗಿ ಹತ್ರ ಅದೇ ಮರದ ತುಂಡು ಇಸ್ಕೊಂಡು, ಎಲ್ಲ ಪದರ ಹೊಡೆಸಿ, ನಿಮ್ಮ ಕೋಣೆಯ ನೆಲದ ಮೇಲೇ ಇಡಿ. ಕೈಯಲ್ಲಿ ಎತ್ತಿ ಹಿಡಿದು ನೋಡಬೇಡಿ. ಬೆಳಿಗ್ಗೆ, ಸಂಜೆ, ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ನಿಂತು ನೋಡಿ. ಮನೆಯ ಹಿರಿಯರಿಗೂ ತೋರಿಸಿ.

ಈಗಾಗಲೇ ಗ್ಲಾಸಿ ಆಗಿಹೋಗಿದೆಯಾ? ಗಾಬರಿ ಬೇಡ. ಪದರ ಗಟ್ಟಿಯಾಗಿದ್ದು, ಮೇಣದ ಪಾಲಿಶ್ ಹಾಕಿರದಿದ್ದರೆ, ನುಣ್ಣನೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ತೆಗೆದು, ಹೊಂದುವ ಸ್ಯಾಟಿನ್ ಒಂದು ಪದರ ಹೊಡೆಸಬಹುದು. ನಾವೂ ಅದನ್ನೇ ಮಾಡಿದ್ದು. ಅವ್ವ ಈಗ ಗೋಡೆ ಬಿಟ್ಟು ನಡೀತಾಳೆ.

ಮುಂದಿನ ಮಾತಿನಲ್ಲಿ ಸಿಗೋಣ.