ತಿಪ್ಪಾರಳ್ಳಿ ದಾರಿ ತೋರಿಸಿದ ತಾತ

ಚಾಮರಾಜಪೇಟೆಯ ಒಂದು ಮನೆ ಮಹಡಿ. ಮೊನ್ನೆ ಸಂಜೆ ಅಲ್ಲಿ ಬೀದಿಯ ಹತ್ತು ಹುಡುಗರು ತಲೆ ಕೆರೆದುಕೊಂಡು ಕೂತಿದ್ದರು. ರಾಜ್ಯೋತ್ಸವಕ್ಕೆ ಟಿ.ಪಿ. ಕೈಲಾಸಂ ಅವರ ‘ತಿಪ್ಪಾರಳ್ಳಿ’ ಹಾಡಬೇಕು ಅಂತ ಅವರ ಹಟ. ಸಾಹಿತ್ಯ ಪುಸ್ತಕದಲ್ಲಿ ಸಿಕ್ಕಿತು, ಧಾಟಿ ಮೊಬೈಲ್‌ನಲ್ಲಿ ಸಿಕ್ಕಿತು. ಎರಡೂ ಒಂದಕ್ಕೊಂದು ಕೂರಲೊಲ್ಲವು!

ಧಾಟಿ ನಮ್ಮದಲ್ಲ ಸ್ವಾಮಿ. ಇಂಗ್ಲೆಂಡಿನ ಜ್ಯಾಕ್ ಜಡ್ಜ್ ಎಂಬಾತ 1912ರಲ್ಲಿ ಹಾಡಿದ ‘ಟಿಪ್ಪರರಿ’ಯದು. ಅಲ್ಲಿನ ಮ್ಯೂಸಿಕ್ ಹಾಲ್ ಅಂದರೆ ಕೈಕಟ್ಟಿ ಕೂರುವ ಕಚೇರಿಯಲ್ಲ. ದುಡಿಯುವ ಜನ ಸಂಜೆ ಬಂದು ನಕ್ಕು, ಪಲ್ಲವಿಗೆ ದನಿಗೂಡಿಸುವ ಜಾಗ. 1914ರಲ್ಲಿ ಮಹಾಯುದ್ಧ ಶುರುವಾದಾಗ ಸಿಪಾಯಿಗಳು ಇದನ್ನೇ ಹಾಡುತ್ತ ನಡೆದರು. ಹಾಡು ಲೋಕ ಸುತ್ತಿತು.

ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಹೋಗಿದ್ದ ಕೈಲಾಸಂ, ಕಲ್ಲುಮಣ್ಣಿನ ಜೊತೆ ನಾಟಕ, ಹಾಡಿನ ಹುಚ್ಚನ್ನೂ ಹೊತ್ತು ತಂದರು. ಐರ್ಲೆಂಡಿನ ಟಿಪ್ಪರರಿ ಅವರ ಬಾಯಲ್ಲಿ ನಮ್ಮ ತಿಪ್ಪಾರಳ್ಳಿ ಆಯಿತು. 1928ರ ‘ಕಾನ್‌ಸ್ಟಾಂಟಿನೋಪಲ್’ ಹಾಡಿನಲ್ಲಿ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸುತ್ತಾರೆ. ಕೈಲಾಸಂ ಸುಮ್ಮನಿದ್ದಾರೆಯೇ? ಕೂಲಿಮಠದ ಕಾಗುಣಿತವನ್ನೇ ಹಿಡಿದು ‘ಕೋಳಿಕೆ ರಂಗ’ನ ಹೆಸರು ಬಿಡಿಸಿಟ್ಟರು! ರಂಗ ಇನ್ನೂ ಕೆಲವರ ನಾಲಿಗೆ ಮೇಲಿದ್ದಾನೆ. ತಿಪ್ಪಾರಳ್ಳಿ ಮಾತ್ರ ದೂರವಾಗುತ್ತಿದೆ.

ಕಾರಣ ಇದೆ. ಕೈಲಾಸಂ ತಾವಾಗಿ ಕೂತು ಬರೆದದ್ದು ಕಡಿಮೆ. ಅವರು ಹೇಳೋರು, ಗೆಳೆಯರು ಬರಕೊಳ್ಳೋರು. ನಾಟಕಗಳೇ ಹಾಗೆ ಉಳಿದವು. 1946ರಲ್ಲಿ ಅವರು ಹೋದರು. ಮಾತು ಕಾಗದದ ಮೇಲೆ ಉಳಿಯಿತು, ಹಾಡೋ ವರಸೆ ಕೇಳಿದವರ ಕಿವಿಯಲ್ಲಿ ಉಳಿಯಿತು. ಆ ಕಿವಿಗಳು ಒಂದೊಂದಾಗಿ ಕಮ್ಮಿಯಾಗುತ್ತಿವೆ.

ಕೊನೆಗೆ ಹುಡುಗರು ಎದುರುಮನೆಯ ತಾತನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದರು. ತಾತನಿಗೆ ಎಂಬತ್ತೈದು ದಾಟಿದೆ. ಚಿಕ್ಕಂದಿನಲ್ಲಿ ಅವರಪ್ಪ ಸ್ನಾನ ಮಾಡುವಾಗ ಹಾಡಿದ್ದನ್ನು ಕೇಳಿ ಕಲಿತದ್ದಂತೆ. ಎರಡು ಸಲ ಕೆಮ್ಮಿದರು. ತೊಡೆ ತಟ್ಟಿ ಶುರು ಮಾಡಿದರು ನೋಡಿ!

“ಅಲ್ಲಿ ಎಳೀಬೇಡ್ರೋ, ನುಂಗಿ! ಹಳ್ಳಿಯೋನು ಮಾತಾಡೋ ಹಂಗೆ ಹೇಳ್ರಿ. ಧಾಟಿ ಇಂಗ್ಲಿಷ್ ಆದ್ರೇನು, ನಾಲಿಗೆ ನಮ್ದೇ ಅಲ್ವೆ?”

ಅಷ್ಟೇ. ಮುಚ್ಚಿದ್ದ ಬೀಗಕ್ಕೆ ಕೀಲಿ ಸಿಕ್ಕಂತಾಯಿತು. ಮಾತು ಧಾಟಿಯ ಮೇಲೆ ತಾನಾಗಿ ಕೂತಿತು. ನಾಲ್ಕನೇ ಸಲಕ್ಕೆ ಕೆಳಗಿನ ದಿನಸಿ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತರು. ಮೂರನೇ ಚರಣಕ್ಕೆ ತಾತನ ನೆನಪು ಕೈಕೊಟ್ಟಿತು. ಪುಸ್ತಕ ನೋಡಿ ಹುಡುಗಿಯೊಬ್ಬಳು ಎತ್ತಿಕೊಟ್ಟಳು. ತಾತ ಕಣ್ಣೊರೆಸಿಕೊಂಡು ಮುಂದುವರಿಸಿದರು.

ಮೊಮ್ಮಗ ಎಲ್ಲವನ್ನೂ ಮೊಬೈಲ್‌ನಲ್ಲಿ ಹಿಡಿದಿಟ್ಟಿದ್ದಾನೆ. ಒಳ್ಳೇದೇ. ಆದರೆ “ನುಂಗಿ” ಅಂತ ಗದರಿಸೋಕೆ ತಾತನೇ ಬೇಕು.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇಂಥ ಕಿವಿಗಳು ಇನ್ನೂ ಎಷ್ಟಿವೆಯೋ! ನಿಮ್ಮ ಮನೆಯಲ್ಲೂ ಒಂದಿದ್ದರೆ, ಬಸ್ಸಿಳಿದು ಹೋದ ಕೂಡಲೇ ಕಾಫಿ ಕೊಟ್ಟು ಕೇಳಿ. ನಾಳೆ ಕೇಳೋಣ ಅಂದರೆ ತಿಪ್ಪಾರಳ್ಳಿ ಇನ್ನಷ್ಟು ದೂರವಾದೀತು.