ಮಲೆನಾಡಿನ ಯಾತ್ರೆಯೂ ಅನರ್ಥದಂಡವ್ರತವೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಉತ್ತರ ಕನ್ನಡದ ಘಟ್ಟದ ಮೇಲಿನ ಹಸಿರು ಸೀಮೆ. ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿಯು 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿಯು ಕಣಿವೆಗಿಳಿಯುತ್ತದೆ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಹಂಬಲಿಸಿದ ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲಿ. ಸಿದ್ದಾಪುರದ ಬಿಳಗಿಯಲ್ಲಿ ರತ್ನತ್ರಯ ಬಸದಿಯಿದೆ. ಸೋಂದೆಯ ಆಸುಪಾಸಿನಲ್ಲಂತೂ ಸ್ವಾದಿ ದಿಗಂಬರ ಜೈನ ಮಠ, ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ದ್ವೈತ ಮಠ ಮೂರೂ ನೆಲೆಸಿವೆ. ಅನೇಕಾಂತವನ್ನು ಗ್ರಂಥದಲ್ಲಿ ಓದಿದವರು ಅದರ ನೆರಳನ್ನು ಇಲ್ಲಿ ನೆಲದ ಮೇಲೆ ಕಾಣಬಹುದು.

ಇಂತಹ ಸೀಮೆಗೆ ಹೋಗುವ ಶ್ರಾವಕನಿಗೆ ಆಚಾರ್ಯರು ಏನು ಹೇಳಿದ್ದಾರೆ? ಗೃಹಸ್ಥನ ಮೂರು ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಪ್ರಯೋಜನವಿಲ್ಲದೆ ಜೀವಹಿಂಸೆಗೆ ಕಾರಣನಾಗದಿರುವುದೇ ಅದರ ತಿರುಳು. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಎಲೆ ಕೊಂಬೆಗಳನ್ನು ಮುರಿಯುವುದು ಇವೆಲ್ಲ ಪ್ರಮಾದಚರ್ಯೆ ಎನಿಸುತ್ತವೆ. ಅಡುಗೆಗೆ ಬೆಂಕಿ ಬೇಕು, ಬದುಕಿಗೆ ನೀರು ಬೇಕು; ಆ ಹಿಂಸೆ ಗೃಹಸ್ಥನಿಗೆ ಅನಿವಾರ್ಯ. ಆದರೆ ದಾರಿಬದಿಯ ಗಿಡವನ್ನು ಮಾತಿನ ನಡುವೆ ಚಿವುಟಿ ಎಸೆಯುವುದು ಯಾವ ಅಗತ್ಯಕ್ಕೆ? ಜಲಪಾತದ ಬಂಡೆಯ ಮೇಲೆ ಪ್ಲಾಸ್ಟಿಕ್ ಬಾಟಲಿ ಬಿಟ್ಟು ಬರುವುದು ಯಾರ ಸುಖಕ್ಕೆ? ವನಸ್ಪತಿಯೂ ಸ್ಪರ್ಶೇಂದ್ರಿಯವುಳ್ಳ ಜೀವವೆಂಬುದು ಜಿನಧರ್ಮದ ನಂಬಿಕೆ.

ಈ ಸೀಮೆಯ ಜನ ಅದನ್ನು ಬೇರೆ ಬಗೆಯಲ್ಲಿ ನಡೆದು ತೋರಿಸಿದ್ದಾರೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಗ್ರಾಮಸ್ಥರು ಕಳಸೆ ಕಾಡಿಗೆ ನಡೆದು, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಅಘನಾಶಿನಿ ಕಣಿವೆಯ ಕಾಡಿನಲ್ಲಿ ಅಳಿವಿನಂಚಿನ ಸಿಂಗಳೀಕಗಳು ಇಂದಿಗೂ ಬದುಕಿವೆ. ಕಾಡು ಉಳಿದರೆ ಮಾತ್ರ ಅವುಗಳ ಸಂತತಿ ಉಳಿದೀತು.

ಇನ್ನೊಂದು ಮಾತು. ಮಳೆಗಾಲದಲ್ಲಿ ನೆಲದ ತುಂಬ ಸೂಕ್ಷ್ಮ ಜೀವಿಗಳು ಹುಟ್ಟುವುದರಿಂದ ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುತ್ತಾರೆ. ನಾವಾದರೋ ಜಲಪಾತಗಳು ತುಂಬಿ ಹರಿಯುವ ಆ ದಿನಗಳಲ್ಲೇ ಗುಂಪಾಗಿ ಹೊರಡುತ್ತೇವೆ. ಹೋಗಲೇಬಾರದೆಂದು ಶ್ರಾವಕನಿಗೆ ಕಟ್ಟಳೆಯಿಲ್ಲ. ಆದರೆ ಈರ್ಯಾಸಮಿತಿಯ ಒಂದಂಶವನ್ನಾದರೂ ಅನುಸರಿಸಬಹುದು: ಹಗಲಿನಲ್ಲಿ, ಜನ ನಡೆದ ದಾರಿಯಲ್ಲೇ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು. ಹಾಗೆ ನಡೆದವನಿಗೆ ಮೈಲಿಗಳು ಕಡಿಮೆ ಸಾಗಬಹುದು. ಕಾಣುವ ಜೀವಗಳು ಮಾತ್ರ ಹೆಚ್ಚು.