ಹಳೆಯ ಕಾರಿನ ಮಂಕುದೀಪ

ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ ೧೯೬೨ರಿಂದ ೧೯೮೦ರವರೆಗೆ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನು ಅಲ್ಲಿಯ ಗೃಹಸ್ಥರು ಕೆಲವರು ಇಂದಿಗೂ ಮಕ್ಕಳಂತೆ ಸಾಕುತ್ತಿರುವರು. ಈ ಹಳೆಯ ಗಾಡಿಗಳಿಗೆ ಬರುವ ವ್ಯಾಧಿಯೊಂದು ವಿಚಿತ್ರವಾದುದು. ತಿರುವಿನ ಸೂಚನಾದೀಪವನ್ನು ಹೊತ್ತಿಸಿದರೆ ಅದು ಮಂಕಾಗಿ, ಅದೇ ಗೂಡಿನ ಕೆಂಪು ಹಿಂದೀಪವೂ ಅದರೊಡನೆ ಮಿಣುಕುವುದು. ಹಿಂದೆ ಬರುವ ಚಾಲಕನು ಇದರಿಂದ ಏನೆಂದು ತಿಳಿಯಬೇಕು? ಇರುಳಿನಲ್ಲಿ ಇದು ಪ್ರಾಣದ ಮಾತು.

ಅನೇಕರು ಸ್ವಿಚ್ಚನ್ನೋ ಬಲ್ಬನ್ನೋ ಬದಲಿಸಿ ಹಣ ಕಳೆಯುವರು. ದೋಷವಾದರೋ ಬಹುಮಟ್ಟಿಗೆ ವಿದ್ಯುತ್ತು ಹಿಂದಿರುಗುವ ದಾರಿಯಲ್ಲಿರುವುದು. ದೀಪಕ್ಕೆ ಹೋದ ವಿದ್ಯುತ್ತು ಗಾಡಿಯ ಉಕ್ಕಿನ ಮೈಯ ಮೂಲಕ ಬ್ಯಾಟರಿಗೆ ಮರಳತಕ್ಕದ್ದು. ಇದಕ್ಕೆ ‘ಭೂಸಂಪರ್ಕ’ವೆಂದು ಹೆಸರು, ರಬ್ಬರಿನ ಚಕ್ರಗಳ ಮೇಲೆ ನಿಂತ ಗಾಡಿಗೆ ಭೂಮಿಯೆಲ್ಲಿಯದೆಂದು ನಾವು ಕೇಳಬಾರದು, ರೂಢಿಗೆ ವ್ಯುತ್ಪತ್ತಿ ಬೇಕಿಲ್ಲ. ದೀಪದ ಗೂಡು ಮೈಗೆ ತಾಗುವೆಡೆ ತುಕ್ಕು ಹಿಡಿದರೆ ವಿದ್ಯುತ್ತು ನೆರೆಯ ಬಲ್ಬಿನೊಳಗೆ ನುಸುಳಿ ಬೇರೆ ದಾರಿ ಹುಡುಕುವುದು.

ಮೊದಲು ಬ್ಯಾಟರಿಯಿಂದ ಮೈಗೆ ಸೇರಿದ ತಂತಿಯನ್ನು ಬಿಚ್ಚತಕ್ಕದ್ದು. ೧೯೬೭ಕ್ಕೆ ಹಿಂದಿನ ಗಾಡಿಗಳಲ್ಲಿ ಅದು ಧನಧ್ರುವದ್ದು, ಈಚಿನವುಗಳಲ್ಲಿ ಋಣಧ್ರುವದ್ದು. ಬಳಿಕ ದೀಪದ ಕಪ್ಪು ತಂತಿಯ ತುದಿಯನ್ನೂ ಗೂಡಿನ ತಳವನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ತುಸು ವ್ಯಾಸಲೀನ್ ಸವರಬೇಕು. ಇಷ್ಟಾದ ಮೇಲೂ ಮಂಕು ಹರಿಯದಿದ್ದರೆ ಮಾತ್ರ ಅಂಗಡಿಯ ಕಡೆ ಹೊರಡಬಹುದು.